ಕಣ್ಕಟ್ಟಿನ ಮೂಲೆ: ಶಾಲೆಯ ಹಬ್ಬಕ್ಕೆ ದೃಷ್ಟಿಭ್ರಮೆಯ ಪ್ರದರ್ಶನ ಕಟ್ಟುವುದು ಹೇಗೆ?

ರಾಜ್ಯೋತ್ಸವದ ದಿನ ಮಗಳ ಶಾಲೆಯ ಕಾರಿಡಾರಿನಲ್ಲಿ ಯಾವುದೋ ಮಗುವಿನ ತಾತ ನನ್ನನ್ನು ತರಾಟೆಗೆ ತೆಗೆದುಕೊಂಡರು. “ಏನಮ್ಮಾ ಇದು, ನಮ್ಮ ಬಾವುಟಕ್ಕೆ ನೀಲಿ ಬಳಿದಿದ್ದೀರಲ್ಲ? ಅರಿಶಿನ ಕುಂಕುಮದ ಬಣ್ಣ ಅಂತ ಗೊತ್ತಿಲ್ವಾ?”

ನಾನು ವಾದ ಮಾಡಲಿಲ್ಲ. “ಸರ್, ಆ ನಡುವಿನ ಕಪ್ಪು ಚುಕ್ಕೆಯನ್ನೇ ಮೂವತ್ತು ಎಣಿಸುವವರೆಗೆ ನೋಡಿ. ಆಮೇಲೆ ಪಕ್ಕದ ಬಿಳಿ ಹಾಳೆ ನೋಡಿ” ಎಂದೆ. ಅವರು ಬಾಯಲ್ಲೇ ಒಂದು, ಎರಡು ಎಂದು ಎಣಿಸಿದರು. ಬಿಳಿ ಹಾಳೆಯತ್ತ ತಿರುಗಿದರು. ಸುಮ್ಮನಾದರು. ಆಮೇಲೆ ಮೈದಾನದ ಕಡೆ ಮುಖ ಮಾಡಿ ಹೆಂಡತಿಯನ್ನು ಕೂಗಿದರು: “ಲೇ, ಬಾ ಇಲ್ಲಿ, ಬೇಗ!”

ಅದು ನಮ್ಮ ಕಣ್ಕಟ್ಟಿನ ಮೂಲೆಯ ಎರಡನೇ ವರ್ಷ. ಮೊದಲ ವರ್ಷ ಪೂರ್ತಿ ಸೋತಿದ್ದೆವು. ಇಂಟರ್‌ನೆಟ್ಟಿನಿಂದ ಇಪ್ಪತ್ತು ಚಿತ್ರ ಪ್ರಿಂಟ್ ಹಾಕಿಸಿ ಗೋಡೆ ತುಂಬ ಅಂಟಿಸಿದ್ದೆವು. ಜನ “ಓ, ಇದು ವಾಟ್ಸಾಪ್‌ನಲ್ಲಿ ಬಂದಿತ್ತು” ಎನ್ನುತ್ತಾ ಪಾನಿಪುರಿ ಸ್ಟಾಲಿಗೆ ಹೋದರು. ತಪ್ಪು ಅವರದ್ದಲ್ಲ. ಎರಡು ಗೆರೆ ಸಮ ಇವೆ ಎಂದು ಕೆಳಗೆ ಬರೆದುಬಿಟ್ಟರೆ ಯಾರು ತಾನೇ ನಿಲ್ಲುತ್ತಾರೆ? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ಗಾದೆಯೇ ಇದೆಯಲ್ಲ. ಪ್ರಮಾಣಿಸಿ ನೋಡುವ ಕೆಲಸವನ್ನು ನೋಡುಗರ ಕೈಗೇ ಕೊಡಬೇಕು. ಅಲ್ಲಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಪ್ರತಿ ಚಿತ್ರದ ಪಕ್ಕದಲ್ಲಿ ಅದನ್ನು ಪರೀಕ್ಷಿಸುವ ಸಾಮಾನು ನೇತಾಡುತ್ತಿರಬೇಕು. ಸ್ಕೇಲೋ, ದಾರವೋ, ತೂತು ಕೊರೆದ ರಟ್ಟೋ, ಏನಾದರೂ ಸರಿ. ಪರೀಕ್ಷೆಗೆ ದಾರಿ ಇಲ್ಲದ ಚಿತ್ರಕ್ಕೆ ಜಾಗ ಇಲ್ಲ.

ಎಷ್ಟು, ಎಲ್ಲಿ, ಏನೇನು ಬೇಕು

ಐದಾರು ಸಾಕು. ಒಂದೊಂದರ ಮುಂದೆ ಜನ ಎರಡು ಮೂರು ನಿಮಿಷ ನಿಲ್ಲುತ್ತಾರೆ, ಜಾಸ್ತಿ ಆದರೆ ಸಾಲು ಕದಲುವುದಿಲ್ಲ. ಉದ್ದನೆಯ ಕಾರಿಡಾರ್ ಸಿಕ್ಕರೆ ಬಿಡಬೇಡಿ. ಶಾಮಿಯಾನ ಬೇಡ. ನವೆಂಬರಿನಲ್ಲಿ ಬೆಂಗಳೂರಿನ ಮಳೆಯನ್ನು ನಂಬುವಂತಿಲ್ಲ, ಗಾಳಿಗೆ ಹಾಳೆಗಳೂ ನಿಲ್ಲುವುದಿಲ್ಲ.

ಸಾಮಾನಿಗೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಕಡೆ ಒಂದು ಸುತ್ತು ಹಾಕಿ. ದಪ್ಪ ರಟ್ಟು, ಬ್ರೌನ್ ಪೇಪರ್ ರೋಲ್, ಕಪ್ಪು ಮತ್ತು ಬಿಳಿ ಚಾರ್ಟ್, ಪೋಸ್ಟರ್ ಕಲರ್, ಫೆವಿಕಾಲ್, ಮಾಸ್ಕಿಂಗ್ ಟೇಪ್, ಹೊಲಿಗೆ ದಾರ, ಇಷ್ಟೇ. ಭಾನುವಾರ ಮಾತ್ರ ಹೋಗಬೇಡಿ, ಅಲ್ಲಿ ಬಹಳಷ್ಟು ಅಂಗಡಿಗಳ ಬಾಗಿಲು ಹಾಕಿರುತ್ತದೆ. ಸಮಯ ಇದ್ದರೆ ಮಕ್ಕಳನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಫನ್ ಸೈನ್ಸ್ ವಿಭಾಗಕ್ಕೂ ಕರೆದುಕೊಂಡು ಹೋಗಿ. ಅಲ್ಲಿ ವಸ್ತುಗಳಿಗಿಂತ ಜನರನ್ನು ಗಮನಿಸಲು ಹೇಳಿ. ಜನ ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಮುಟ್ಟುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ? ನಮ್ಮ ಏಳನೇ ಕ್ಲಾಸಿನವರು ಒಂದು ಗಂಟೆಯಲ್ಲಿ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು.

ನೀಲಿ ಬಾವುಟ

ತಾತ ಬೈದ ಚಿತ್ರ ಮಾಡುವುದು ಎಲ್ಲಕ್ಕಿಂತ ಸುಲಭ. ಬಿಳಿ ಡ್ರಾಯಿಂಗ್ ಶೀಟಿನ ಮೇಲೆ 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಆಯತ ಬರೆಯಿರಿ. ಮೇಲರ್ಧಕ್ಕೆ ಗಾಢ ನೀಲಿ. ಕೆಳಗರ್ಧಕ್ಕೆ ಸಯಾನ್, ಅಂದರೆ ಚೂರು ಹಸಿರು ಬೆರೆತ ಆಕಾಶನೀಲಿ. ಎರಡು ಬಣ್ಣ ಸೇರುವ ಗೆರೆಯ ನಡುವೆ ಒಂದು ಕಪ್ಪು ಚುಕ್ಕೆ. ಪಕ್ಕದಲ್ಲಿ ಅಷ್ಟೇ ದೊಡ್ಡ ಖಾಲಿ ಬಿಳಿ ಹಾಳೆ, ಅದರ ನಡುವೆಯೂ ಒಂದು ಚುಕ್ಕೆ. ನೆಲದ ಮೇಲೆ ಒಂದು ಮೀಟರ್ ದೂರದಲ್ಲಿ ಟೇಪಿನಿಂದ ಪಾದದ ಗುರುತು ಮಾಡಿ.

ನಮ್ಮ ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಒಂದೇ ಬಣ್ಣವನ್ನು ಕದಲದೆ ನೋಡುತ್ತಿದ್ದರೆ ಆ ಬಣ್ಣಕ್ಕೆ ದುಡಿಯುವ ಕೋಶಗಳು ದಣಿಯುತ್ತವೆ. ಆಗ ಬಿಳಿ ಹಾಳೆ ನೋಡಿದರೆ ದಣಿಯದವುಗಳ ಕೂಗೇ ಜೋರು. ನೀಲಿ ಇದ್ದ ಕಡೆ ಹಳದಿ, ಸಯಾನ್ ಇದ್ದ ಕಡೆ ಕೆಂಪು. ನಿಜ ಹೇಳಬೇಕೆಂದರೆ ಆ ಕೆಂಪು ಕುಂಕುಮದಷ್ಟು ಗಾಢವಾಗಿ ಬರುವುದಿಲ್ಲ, ಗುಲಾಬಿಯ ಕಡೆ ವಾಲುತ್ತದೆ. ಬೆಳಕು ಚೆನ್ನಾಗಿದ್ದಷ್ಟೂ ಬಣ್ಣ ಚೆನ್ನಾಗಿ ಬರುತ್ತದೆ, ಹಾಗಾಗಿ ಕಿಟಕಿ ಪಕ್ಕವೇ ಇಡಿ. ಪರೀಕ್ಷೆಗೆ ಅಲ್ಲೇ ಒಂದು ನಿಜವಾದ ಬಾವುಟ ಮಡಚಿಟ್ಟುಕೊಂಡಿರಿ. “ಏನು ಕಂಡಿತು?” ಎಂದು ಕೇಳಿ, ಉತ್ತರ ಬಂದ ಮೇಲೆ ಬಿಡಿಸಿ ತೋರಿಸಿ.

ಜಾರುವ ಬಾಣ

ಒಂದೇ ಒಂದು ಮಾಡಲು ಪುರುಸೊತ್ತು ಇದೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಗೆರೆಯ ತುದಿಗೆ ಬಾಣದ ಮೂತಿ ಇಟ್ಟರೆ ಗೆರೆ ಗಿಡ್ಡವಾಗಿ, ಕವಲಿನ ಹಾಗೆ ಹೊರಕ್ಕೆ ಬಿಡಿಸಿದರೆ ಉದ್ದವಾಗಿ ಕಾಣುತ್ತದೆ. ಜರ್ಮನಿಯ ಮುಲ್ಲರ್-ಲೈಯರ್ 1889ರಲ್ಲಿ ಇದನ್ನು ಪ್ರಕಟಿಸಿದ. ಕಾಗದದ ಮೇಲೆ ಬರೆದರೆ ಎಲ್ಲರಿಗೂ ಗೊತ್ತಿರುವುದೇ. ಜಾರುವ ಹಾಗೆ ಮಾಡಿದರೆ ಆಟ.

ರಟ್ಟಿನಿಂದ 32 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ, ಎರಡೂ ತುದಿ ತೆರೆದ ಚಪ್ಪಟೆ ಚೀಲ ಮಾಡಿ. ಅದರೊಳಗೆ ಸಲೀಸಾಗಿ ಜಾರುವ ಇನ್ನೊಂದು ಪಟ್ಟಿ ಕತ್ತರಿಸಿ, ಉದ್ದ 50 ಸೆಂಟಿಮೀಟರ್ ಇರಲಿ. ಚೀಲದ ಮುಂಭಾಗದಲ್ಲಿ, ಬಲ ತುದಿಗೆ ಮುಟ್ಟುವಂತೆ, 20 ಸೆಂಟಿಮೀಟರಿನ ಅಡ್ಡಗೆರೆ ಎಳೆಯಿರಿ. ಅದರ ಎಡ ತುದಿಗೆ ಎಡಕ್ಕೆ ನೋಡುವ ಬಾಣದ ಮೂತಿ, ಬಲ ತುದಿಗೆ ಬಲಕ್ಕೆ ನೋಡುವ ಮೂತಿ. ರೆಕ್ಕೆ ಒಂದೊಂದೂ 4 ಸೆಂಟಿಮೀಟರ್. ಇನ್ನು ಒಳಪಟ್ಟಿ. ಅದೇ ಎತ್ತರದಲ್ಲಿ ಅದರ ಉದ್ದಕ್ಕೂ ಗೆರೆ ಎಳೆದು, ಬಲ ತುದಿಯ ಹತ್ತಿರ ಗೆರೆ ನಿಲ್ಲಿಸಿ, ಅಲ್ಲಿ ಎಡಕ್ಕೆ ನೋಡುವ ಮೂತಿ ಬರೆಯಿರಿ, ರೆಕ್ಕೆಗಳು ಗೆರೆಯಿಂದ ಹೊರಗೆ ಚಾಚಬೇಕು. ಈಗ ಪಟ್ಟಿ ಎಳೆದರೆ ಎರಡನೇ ಗೆರೆ ಬೆಳೆಯುತ್ತಾ ಹೋಗುತ್ತದೆ.

ಗುಟ್ಟು ಇರುವುದು ಹಿಂಭಾಗದಲ್ಲಿ. ಪಟ್ಟಿಯನ್ನು ಎಳೆದು ಎರಡನೇ ಗೆರೆಯೂ ಸ್ಕೇಲಿನಲ್ಲಿ ಸರಿಯಾಗಿ 20 ಸೆಂಟಿಮೀಟರ್ ಆಗುವಂತೆ ನಿಲ್ಲಿಸಿ. ಚೀಲದ ಹಿಂದೆ ಒಂದು ಚಿಕ್ಕ ಕಿಟಕಿ ಕತ್ತರಿಸಿ, ಅದರಲ್ಲಿ ಕಾಣುವ ಪಟ್ಟಿಯ ಮೇಲೆ ಸೊನ್ನೆ ಬರೆಯಿರಿ. ಸೊನ್ನೆಯ ಆಚೆ ಈಚೆ ಮಿಲಿಮೀಟರ್ ಗುರುತು ಹಾಕಿ. ನೋಡಲು ಬಂದವರು ಮುಂದಿನಿಂದ ‘ಎರಡೂ ಸಮ’ ಅನಿಸುವವರೆಗೆ ಎಳೆಯುತ್ತಾರೆ, ಆಮೇಲೆ ತಿರುಗಿಸಿ ಎಷ್ಟು ತಪ್ಪಿದೆವು ಎಂದು ಓದಿಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಎರಡನೇ ಗೆರೆಯನ್ನು 17 ಸೆಂಟಿಮೀಟರಿಗೇ ನಿಲ್ಲಿಸಿದರು. ಡ್ರಾಯಿಂಗ್ ಮಿಸ್ ಕೂಡ! ಮೂರನೇ ಕ್ಲಾಸಿನ ಹುಡುಗನೊಬ್ಬ ಅವರಿಗಿಂತ ಹತ್ತಿರ ಬಂದ, ದಿನವಿಡೀ ಅದನ್ನೇ ಹೇಳಿಕೊಂಡು ತಿರುಗಿದ. ಗೋಡೆಯ ಮೇಲೆ ಒಂದು ಗ್ರಾಫ್ ಹಾಳೆ ಹಾಕಿ, ಪ್ರತಿಯೊಬ್ಬರೂ ತಮ್ಮ ತಪ್ಪಿಗೆ ಒಂದು ಬಿಂದಿ ಅಂಟಿಸಲಿ. ಮಕ್ಕಳಿಗೆ ಒಂದು ಬಣ್ಣ, ದೊಡ್ಡವರಿಗೆ ಇನ್ನೊಂದು. ಎರಡನೇ ಸಲ ಪ್ರಯತ್ನಿಸುವವರನ್ನು ತಡೆಯಬೇಡಿ. ಗುಟ್ಟು ಗೊತ್ತಾದ ಮೇಲೂ ಕಣ್ಣು ತಪ್ಪುತ್ತದೆ. ಮುಖ ನೋಡಬೇಕು ಆಗ.

ಓರೆ ಗೋಡೆ, ಮತ್ತು ನಾನು ಹಾಳು ಮಾಡಿದ ಒಂದು ಭಾನುವಾರ

ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದು ಕೆಫೆಯ ಹೊರಗೋಡೆಗೆ ಕಪ್ಪು ಬಿಳಿ ಟೈಲ್ಸ್ ಹಾಕಿದ್ದರು. ಸಾಲುಗಳು ನೇರವಾಗಿದ್ದರೂ ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು ಆದ ಹಾಗೆ ಕಾಣುತ್ತಿದ್ದವು. ಮನೋವಿಜ್ಞಾನಿಗಳಾದ ರಿಚರ್ಡ್ ಗ್ರೆಗರಿ ಮತ್ತು ಪ್ರಿಸಿಲ್ಲಾ ಹರ್ಡ್ 1979ರಲ್ಲಿ ಅದನ್ನು ವಿವರಿಸಿ ಬರೆದರು. ಶಾಲೆಯ ಗೋಡೆಗೆ ಹೇಳಿ ಮಾಡಿಸಿದ ಚಿತ್ರ. ದೂರದಿಂದಲೇ ಜನರನ್ನು ಎಳೆಯುತ್ತದೆ.

ಬೂದು ಬಣ್ಣದ ಚಾರ್ಟ್ ಹಿನ್ನೆಲೆಗೆ ಅಂಟಿಸಿ. ಕಪ್ಪು, ಬಿಳಿ ಚಾರ್ಟಿನಿಂದ 10 ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿ ಒಂದು ಕಪ್ಪು, ಒಂದು ಬಿಳಿ ಎಂದು ಸಾಲು ಹಿಡಿಸಿ. ಎರಡನೇ ಸಾಲನ್ನು ಅರ್ಧ ಚೌಕ, ಅಂದರೆ 5 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ. ಮೂರನೆಯದು ಮತ್ತೆ ಮೊದಲಿನ ಹಾಗೆ. ಸಾಲು ಸಾಲಿನ ನಡುವೆ 4 ಮಿಲಿಮೀಟರ್ ಬೂದು ಕಾಣುವಂತೆ ಬಿಡಿ. ಪೂರ್ತಿ ಒಂದು ಚೌಕ ಸರಿಸಿಬಿಟ್ಟರೆ ಚೆಸ್ ಬೋರ್ಡ್ ಆಗುತ್ತದೆ, ಮೋಸ ಮಾಯ.

ನಾನು ಮಾಡಿದ ತಪ್ಪು ಬೇರೆ. ಬೂದು ಗೆರೆ ಪೇಲವ ಅನಿಸಿತು. ಚೆಂದ ಕಾಣಲಿ ಅಂತ ಅದರ ಮೇಲೆಲ್ಲ ದಪ್ಪ ಕಪ್ಪು ಮಾರ್ಕರ್ ಎಳೆದೆ. ಭಾನುವಾರ ಸಂಜೆ ಹಿಂದೆ ಸರಿದು ನೋಡಿದರೆ ಎಲ್ಲಾ ಸಾಲೂ ನೆಟ್ಟಗೆ, ಶಿಸ್ತಾಗಿ ನಿಂತಿವೆ! ಈ ಚಿತ್ರದ ಜೀವ ಇರುವುದೇ ಆ ನಡುವಿನ ಬೂದಿನಲ್ಲಿ. ಗೆರೆಯ ಬಣ್ಣ ಕಪ್ಪಿಗೂ ಬಿಳಿಗೂ ನಡುವೆ ಇರಬೇಕು, ಗೆರೆ ತೆಳ್ಳಗಿರಬೇಕು. ಎಲ್ಲಾ ಕಿತ್ತು ಮತ್ತೆ ಅಂಟಿಸಿದೆವು. ಪರೀಕ್ಷೆಗೆ ಗಾರೆ ಕೆಲಸದವರ ಹಾಗೆ ಉದ್ದನೆಯ ಕೆಂಪು ದಾರ ಕೊಡಿ, ಎರಡೂ ತುದಿ ಇಬ್ಬರು ಮಕ್ಕಳು ಹಿಡಿದು ಬೂದು ಗೆರೆಯ ಮೇಲೆ ಬಿಗಿಯಾಗಿ ಎಳೆಯಲಿ.

ಎರಡು ತಟ್ಟೆ, ಎರಡು ಮುದ್ದೆ

ಒಂದೇ ಅಳತೆಯ ಎರಡು ರಾಗಿ ಮುದ್ದೆ. ಒಂದು ಮುದ್ದೆಗಿಂತ ಚೂರೇ ದೊಡ್ಡದಾದ ಪುಟ್ಟ ತಟ್ಟೆಯಲ್ಲಿ, ಇನ್ನೊಂದು ಊಟದ ದೊಡ್ಡ ತಟ್ಟೆಯಲ್ಲಿ. ಪುಟ್ಟ ತಟ್ಟೆಯದ್ದು ದೊಡ್ಡ ಮುದ್ದೆಯಾಗಿ ಕಾಣುತ್ತದೆ. ಬೆಲ್ಜಿಯಮ್ಮಿನ ಡೆಲ್ಬೂಫ್ 1865ರಲ್ಲಿ ಬರೀ ವೃತ್ತಗಳಲ್ಲಿ ತೋರಿಸಿದ್ದು ಇದನ್ನೇ. ಮೇಲಿನಿಂದ ನೋಡಬೇಕು, ಹಾಗಾಗಿ ಗಿಡ್ಡ ಬೆಂಚಿನ ಮೇಲೆ ಅಕ್ಕಪಕ್ಕ ಇಡಿ. ನಿಜವಾದ ಮುದ್ದೆ ಬೇಡ. ಹನ್ನೊಂದು ಗಂಟೆಗೆಲ್ಲ ಒಣಗಿ ಬಿರಿಯುತ್ತದೆ, ನೊಣ ಬೇರೆ. ಜೇಡಿಮಣ್ಣಿನಲ್ಲಿ 8 ಸೆಂಟಿಮೀಟರ್ ಅಗಲದ ಉಂಡೆ ಮಾಡಿ ಬಣ್ಣ ಬಳಿಯಿರಿ. ಅಳೆಯಲು ಒಂದು ದಾರ ಕೊಟ್ಟರೆ ಮುಗಿಯಿತು. ಇದನ್ನು ಊಟದ ಸ್ಟಾಲಿನ ಹತ್ತಿರ ಇಟ್ಟರೆ ಅಜ್ಜಿಯಂದಿರ ಗುಂಪು ಖಾಯಂ.

ಎದ್ದು ನಿಲ್ಲುವ ಆನೆಮರಿ

ಇದಕ್ಕೆ ಒಂದು ಪೂರ್ತಿ ಶನಿವಾರ ಎತ್ತಿಡಿ. ನೆಲದ ಮೇಲೆ ಎಳೆದಾಡಿದ ಹಾಗೆ ಬರೆದ ಚಿತ್ರ ಒಂದೇ ಒಂದು ಜಾಗದಿಂದ ನೋಡಿದಾಗ ಎದ್ದು ನಿಂತಂತೆ ಕಾಣುವುದು, ಅದೇ ಇದರ ಆಟ. ಹಳೇ ವಿದ್ಯೆ. 1533ರಲ್ಲಿ ಹೋಲ್ಬೈನ್ ಬರೆದ ‘ರಾಯಭಾರಿಗಳು’ ಚಿತ್ರದ ಕೆಳಗಡೆ ಎಳೆದಾಡಿದಂಥ ಒಂದು ಕಲೆ ಇದೆ, ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಿದರೆ ಅದು ತಲೆಬುರುಡೆ. ಬೆಂಗಳೂರಿನವರಿಗೆ ಉದಾಹರಣೆ ಅಷ್ಟು ದೂರ ಹುಡುಕಬೇಕಿಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆಯ ಗೊಂಬೆ ಬಿಟ್ಟಿದ್ದು ನೆನಪಿದೆಯಲ್ಲ? 2019ರಲ್ಲಿ ಗಗನಯಾತ್ರಿಯ ವೇಷದವನನ್ನು ಗುಂಡಿ ಬಿದ್ದ ರಸ್ತೆಯಲ್ಲಿ ನಡೆಸಿ ವಿಡಿಯೋ ಮಾಡಿದರು. ವಾಹನ ಹಾದು ಹೋಗುವವರೆಗೂ ಅದು ಚಂದ್ರನೇ. ಕ್ಯಾಮೆರಾ ಎಲ್ಲಿದೆ, ಏನನ್ನು ತೋರಿಸುತ್ತಿದೆ ಎನ್ನುವುದರ ಮೇಲೆ ಎಲ್ಲಾ ನಿಂತಿದೆ. ನಮ್ಮ ಆನೆಗೂ ಇದೇ ಸೂತ್ರ.

ಮೊದಲು ಕಣ್ಣಿನ ಜಾಗ ಗಟ್ಟಿ ಮಾಡಿ. ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ಲೆನ್ಸ್ ನೆಲದಿಂದ 120 ಸೆಂಟಿಮೀಟರ್ ಎತ್ತರ ಬರುವಂತೆ ಮಾಡಿ, ಮಕ್ಕಳ ಕಣ್ಣಿಗೂ ಹೆಚ್ಚುಕಡಿಮೆ ಅದು ಎಟುಕುತ್ತದೆ. ದಾರಕ್ಕೆ ಬೀಗದ ಕೈ ಕಟ್ಟಿ ಲೆನ್ಸಿನಿಂದ ಇಳಿಬಿಡಿ. ಅದು ನೆಲ ಮುಟ್ಟುವ ಜಾಗಕ್ಕೆ ಗುರುತು ಹಾಕಿ. ಇದನ್ನು ಕಾಲಡಿ ಬಿಂದು ಅನ್ನೋಣ. ಅಲ್ಲಿಂದ ಕಾರಿಡಾರಿನ ಉದ್ದಕ್ಕೆ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆಯಿರಿ.

ಈಗ ಸಣ್ಣ ಚಿತ್ರ. ಹಾಳೆಯ ಮೇಲೆ ಅಡ್ಡಕ್ಕೆ 4, ಎತ್ತರಕ್ಕೆ 3 ಚೌಕಗಳ ಬಲೆ ಬರೆದು ಅದರೊಳಗೆ ಆನೆಮರಿ ಬರೆಯಿರಿ. ಒಂದೊಂದು ಚೌಕ ನಿಜದಲ್ಲಿ 20 ಸೆಂಟಿಮೀಟರ್ ಎಂದು ಲೆಕ್ಕ. ಹಾಗಾದರೆ ಆನೆ 80 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ.

ನೆಲದ ಮೇಲೆ ಇದೇ ಬಲೆ ಹಿಗ್ಗುತ್ತದೆ. ಕಾಲಡಿ ಬಿಂದುವಿನಿಂದ 200, 240, 300, 400 ಸೆಂಟಿಮೀಟರ್ ದೂರದಲ್ಲಿ ನಾಲ್ಕು ಅಡ್ಡಗೆರೆ ಎಳೆಯಿರಿ. 200ರ ಗೆರೆಯ ಮೇಲೆ ನಡುವಿನಿಂದ ಆಚೆ ಈಚೆ 20 ಸೆಂಟಿಮೀಟರಿಗೊಂದರಂತೆ ಒಟ್ಟು ಐದು ಚುಕ್ಕೆ. ಕಾಲಡಿ ಬಿಂದುವಿನಲ್ಲಿ ಒಬ್ಬರು ದಾರ ಒತ್ತಿ ಹಿಡಿಯಲಿ. ಇನ್ನೊಬ್ಬರು ದಾರವನ್ನು ಒಂದೊಂದು ಚುಕ್ಕೆಯ ಮೇಲೆ ಹಾಯಿಸಿ 400ರ ಗೆರೆಯವರೆಗೆ ಎಳೆಯಲಿ. ದಾರದ ಗುಂಟ ಗೆರೆ ಹಾಕಿದರೆ ಬೀಸಣಿಗೆಯ ಆಕಾರದ ಬಲೆ ಸಿಗುತ್ತದೆ. ತಾಳೆ ನೋಡಬೇಕೆ? 240ರ ಗೆರೆಯಲ್ಲಿ ಚುಕ್ಕೆಗಳ ಅಂತರ 24, 300ರಲ್ಲಿ 30, 400ರಲ್ಲಿ 40 ಬರಬೇಕು.

ಈ ಅಂಕಿ ಎಲ್ಲಿಂದ ಬಂತು ಎಂದು ಒಂಬತ್ತನೇ ಕ್ಲಾಸಿನವರು ಕೇಳುತ್ತಾರೆ, ಕೇಳಲಿ. ಆನೆಯ ಬುಡದ ದೂರವನ್ನು (ಇಲ್ಲಿ 200) ಕಣ್ಣಿನ ಎತ್ತರದಿಂದ ಗುಣಿಸಿ, ಕಣ್ಣಿನ ಎತ್ತರದಲ್ಲಿ ಆನೆಯ ಮೈಮೇಲೆ ಯಾವ ಬಿಂದು ಬೇಕೋ ಅದರ ಎತ್ತರ ಕಳೆದು ಉಳಿದದ್ದರಿಂದ ಭಾಗಿಸಬೇಕು. 40 ಸೆಂಟಿಮೀಟರ್ ಎತ್ತರದ ಬಿಂದುವಿಗೆ 200 × 120 ÷ 80, ಅಂದರೆ 300. ಸಮರೂಪ ತ್ರಿಭುಜದ ಪಾಠ, ಅಷ್ಟೇ. ಬೇರೆ ಎತ್ತರ ಬೇಕಾದವರು ಇದರಲ್ಲೇ ಲೆಕ್ಕ ಹಾಕಿಕೊಳ್ಳಬಹುದು.

ಬಲೆಯನ್ನು ನೆಲದ ಮೇಲೆ ಬರೆಯುವ ಬದಲು ಬ್ರೌನ್ ಪೇಪರಿನ ಮೇಲೆ ಬರೆಯುವುದೇ ಒಳ್ಳೆಯದು. ಮೊಸಾಯಿಕ್ ನೆಲಕ್ಕೆ ಸೀಮೆಸುಣ್ಣ ಹಿಡಿಯುವುದಿಲ್ಲ, ರಂಗೋಲಿ ಪುಡಿ ನಾಲ್ಕು ಮಕ್ಕಳು ಓಡಿದರೆ ಹೋಯಿತು. ಪೇಪರನ್ನು ಹಿಂದಿನಿಂದ ಟೇಪು ಹಾಕಿ ಜೋಡಿಸಿ. ಸಣ್ಣ ಚಿತ್ರದ ಕೆಳಸಾಲು ನಿಮಗೆ ಹತ್ತಿರದ ಸಾಲು, ಮೇಲಿನ ಸಾಲು ದೂರದ್ದು. ಮನೆಗೆ ಮನೆ ನೋಡಿಕೊಂಡು ಬರೆಯುತ್ತಾ ಹೋಗಿ. ಕಾಲುಗಳು ಸಹಜವಾಗಿರುತ್ತವೆ, ತಲೆ ರಬ್ಬರ್ ಬ್ಯಾಂಡ್ ಎಳೆದ ಹಾಗೆ ಆಗುತ್ತದೆ. ಹೆದರಬೇಡಿ, ಹತ್ತಿರದಿಂದ ನೋಡಿ ಸರಿ ಮಾಡಲೂ ಹೋಗಬೇಡಿ. ಒಂದು ಮಗುವನ್ನು ಮೊಬೈಲಿನ ಹತ್ತಿರ ನಿಲ್ಲಿಸಿ, “ಕಿವಿ ಇನ್ನೂ ಹಿಂದೆ, ಇನ್ನೂ, ಸಾಕು!” ಎಂದು ಕೂಗಲು ಹೇಳಿ. ಆ ಮಗು ಹೇಳಿದ್ದೇ ಸರಿ.

ಬಣ್ಣ ಒಣಗಿದ ಮೇಲೆ ಆನೆಯನ್ನು ಅಂಚಿನ ಗುಂಟ ಕತ್ತರಿಸಿ ನೆಲಕ್ಕೆ ಅಂಟಿಸಿ. ಸುತ್ತಲಿನ ಕಾಗದ ಉಳಿದರೆ ಕಾಗದವೇ ಕಾಣುತ್ತದೆ, ಆನೆ ಅಲ್ಲ. ಆಮೇಲೆ ನೆರಳು. ಕಾಲಿನ ಬುಡದಿಂದ ಪಕ್ಕಕ್ಕೆ ಬೂದು ಕಾಗದದ ನೆರಳು ಅಂಟಿಸಿ. ನೆರಳು ನೆಲದ್ದೇ ಆದ್ದರಿಂದ ಅದನ್ನು ಹಿಗ್ಗಿಸಬೇಕಿಲ್ಲ. ಇದಿಲ್ಲದಿದ್ದರೆ ಆನೆ ಗಾಳಿಯಲ್ಲಿ ತೇಲುತ್ತದೆ. ಫೋಟೋಗೆ ಮಗುವನ್ನು 200ರ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಕೈಗೆ ಬಾಳೆಹಣ್ಣು ಕೊಡಿ. ಮೊಬೈಲಿಗೆ ಒಂದೇ ಕಣ್ಣು, ಹಾಗಾಗಿ ಅದು ಪೂರ್ತಿ ಮೋಸ ಹೋಗುತ್ತದೆ. ಮನುಷ್ಯರಿಗೆ ಎರಡು ಕಣ್ಣು ಸೇರಿ ಗುಟ್ಟು ಬಿಟ್ಟುಕೊಡುತ್ತವೆ, ಅವರಿಗೆ ಒಂದು ಕಣ್ಣು ಮುಚ್ಚಿಕೊಳ್ಳಲು ಬೋರ್ಡ್ ಹಾಕಿ. ಇಲ್ಲಿ ಅಳತೆಗೋಲು ಅವರ ಕಾಲೇ. ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರೆ ಆನೆ ಮಲಗಿಬಿಡುತ್ತದೆ.

ಉಳಿದ ಜಾಗಕ್ಕೆ

ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚೆಸ್ ಬೋರ್ಡಿನ ನೆರಳಿನ ಚಿತ್ರ ಪ್ರಿಂಟ್ ಹಾಕಿಸಿದರೂ ಸಾಕು. ಒಂದೇ ಬೂದು ಬಣ್ಣದ ಎರಡು ಚೌಕ, ನೆರಳಿನಲ್ಲಿರುವುದು ಬೆಳ್ಳಗೆ, ಹೊರಗಿರುವುದು ಕಪ್ಪಗೆ ಕಾಣುತ್ತದೆ. ಆ ಎರಡು ಚೌಕ ಮಾತ್ರ ಕಾಣುವಂತೆ ಎರಡು ತೂತಿನ ರಟ್ಟು ಕೊಡಿ.

ಪುಟಾಣಿಗಳಿಗೆ ತಿರುಗುವ ಬಿಲ್ಲೆ. ದುಂಡನೆಯ ರಟ್ಟಿನ ಒಂದು ಮುಖಕ್ಕೆ ನಡುವೆ ಜಾಗ ಬಿಟ್ಟು ‘ಕ’ ಮತ್ತು ‘ಡ’, ಹಿಂದಿನ ಮುಖಕ್ಕೆ ನಡುವೆ ತಲೆಕೆಳಗಾಗಿ ‘ನ್ನ’ ಬರೆಯಿರಿ. ಎಡಬಲಕ್ಕೆ ದಾರ ಕಟ್ಟಿ ಬೆರಳಲ್ಲಿ ಹೊಸೆದು ತಿರುಗಿಸಿದರೆ ‘ಕನ್ನಡ’ ಕೂಡಿಕೊಳ್ಳುತ್ತದೆ. ಮನೆಗೆ ಒಯ್ಯಲಿ.

ಪ್ರತಿ ವರ್ಷ ಯಾರಾದರೂ ಒಬ್ಬರು ಹಂಪಿಯ ವಿರೂಪಾಕ್ಷ ದೇವಸ್ಥಾನದ ತಲೆಕೆಳಗಾದ ಗೋಪುರವನ್ನೂ ಸೇರಿಸಿ ಅನ್ನುತ್ತಾರೆ. ನನಗೂ ಇಷ್ಟ. ಆದರೆ ಅದು ಭ್ರಮೆ ಅಲ್ಲ. ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ನಿಜವಾಗಿಯೂ ತಲೆಕೆಳಗಾಗಿ ಬೀಳುತ್ತದೆ. ಕ್ಯಾಮೆರಾ ಇಟ್ಟರೂ ಹಾಗೇ ಬರುತ್ತದೆ. ಅದನ್ನು ವಿಜ್ಞಾನದ ಸ್ಟಾಲಿಗೆ ಬಿಟ್ಟುಕೊಡಿ. ತಮಿಳುನಾಡಿನ ದಾರಾಸುರಂ ದೇವಸ್ಥಾನದಲ್ಲಿ ಒಂದೇ ತಲೆಗೆ ಆನೆ ಮತ್ತು ಗೂಳಿ ಎರಡರ ಮೈಯನ್ನೂ ಕೂಡಿಸಿದ ಕೆತ್ತನೆ ಇದೆ, ಅದನ್ನು ಬೇಕಾದರೆ ಬರೆದು ಹಾಕಿ. ಒಂದು ಮೈಯನ್ನು ಕೈಯಿಂದ ಮುಚ್ಚಿ ನೋಡಿದರೆ ಸಾಕು.

ಮಿಣಮಿಣ ಎನ್ನುವ ಲೈಟು, ವೇಗವಾಗಿ ಮಿನುಗುವ ವಿಡಿಯೋ ಬೇಡವೇ ಬೇಡ. ಫಿಟ್ಸ್ ತೊಂದರೆ ಇರುವ ಕೆಲವು ಮಕ್ಕಳಿಗೆ ಅದು ಅಪಾಯ.

ಆ ದಿನ

ಒಂದೊಂದು ಚಿತ್ರಕ್ಕೆ ಇಬ್ಬರು ಮಕ್ಕಳು, ಒಂದು ಗಂಟೆಗೊಮ್ಮೆ ಬದಲಿ. ಅವರಿಗೆ ಉದ್ದನೆಯ ಭಾಷಣ ಬಾಯಿಪಾಠ ಮಾಡಿಸಬೇಡಿ. ಕೇಳಬೇಕಾದ್ದು ಒಂದೇ ಪ್ರಶ್ನೆ: “ಯಾವುದು ದೊಡ್ಡದು?” ಉತ್ತರ ಬರುವವರೆಗೆ ಸುಮ್ನೆ ಇರಬೇಕು. ಆಮೇಲೆ ಸ್ಕೇಲ್ ಕೈಗೆ ಕೊಡಬೇಕು. ಕಾರಣ ಹೇಳುವುದು ಕೇಳಿದರೆ ಮಾತ್ರ. ಇದು ಮಕ್ಕಳಿಗೆ ಬಹಳ ಕಷ್ಟ, ಗುಟ್ಟು ನಾಲಿಗೆ ತುದಿಯಲ್ಲೇ ಕುಣಿಯುತ್ತಿರುತ್ತದೆ. ಹಿಂದಿನ ದಿನ ಒಂದು ಸಲ ಅಭ್ಯಾಸ ಮಾಡಿಸಿ. ಸ್ಕೇಲು, ದಾರ ಎಲ್ಲವನ್ನೂ ಕಟ್ಟಿಯೇ ಇಡಿ. ನಮ್ಮಲ್ಲಿ ಮಧ್ಯಾಹ್ನದ ಹೊತ್ತಿಗೆ ಮೂರು ಸ್ಕೇಲ್ ನಾಪತ್ತೆ.

ಸಂಜೆ ಕೀಳುವಾಗ ಜಾರುವ ಬಾಣ, ಜೇಡಿಮಣ್ಣಿನ ಮುದ್ದೆ ಒಂದು ರಟ್ಟಿನ ಪೆಟ್ಟಿಗೆಗೆ. ಆನೆಯನ್ನು ಬಣ್ಣ ಹೊರಗೆ ಬರುವಂತೆ ಸುರುಳಿ ಸುತ್ತಿ, ಒಳಗೆ ಸುತ್ತಿದರೆ ಬಣ್ಣ ಬಿರುಕು ಬಿಡುತ್ತದೆ. ನೆಲಕ್ಕೆ ಉಳಿದ ಟೇಪಿನ ಅಂಟಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಸೋಪಿನ ನೀರು ಹಾಕಿ ತೊಳೆಯಿರಿ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಗುಡಿಸಲು ಬರುವ ಆಯಮ್ಮ ಜಾರುತ್ತಾರೆ, ಮತ್ತೆ ಆ ಕಾರಿಡಾರ್ ನಿಮಗೆ ಸಿಗುವುದಿಲ್ಲ.